ಮೂರನೇ ನಂಬರಿನ ಬಾಗಿಲು

"ಇದು 'ಢಬ್' ಅನ್ನುತ್ತೆ ಕಣ್ರೀ. ನನಗೆ ಬೇಕಾಗಿರೋದು 'ಧಪ್'," ಎಂದರು ಮುಖ್ಯ ವಿನ್ಯಾಸಕಿ, ಕಾರಿನ ಬಾಗಿಲನ್ನು ಇನ್ನೊಮ್ಮೆ ತೆಗೆದು ಮುಚ್ಚುತ್ತ. "ಢಬ್ ಅಂದ್ರೆ ಡಬ್ಬ ಮುಚ್ಚಿದ ಹಾಗೆ. ಇಂಥ ಕಾರು ಕೊಳ್ಳೋರು ಡಬ್ಬದೊಳಗೆ ಕೂರ್ತಾರಾ?"

ಬಾಗಿಲಪ್ಪ ತಲೆಯಾಡಿಸಿದ. ಅದು ಅವನ ಹೆಸರಲ್ಲ. ಆ ಕಾರ್ಖಾನೆಯಲ್ಲಿ ಬಾಗಿಲು ಮುಚ್ಚಿಕೊಳ್ಳುವ ಸದ್ದನ್ನು ರೂಪಿಸುವ ಎಂಜಿನಿಯರ್ ಅವನೊಬ್ಬನೇ ಆದ್ದರಿಂದ ಜೊತೆಯವರು ಹಾಗೆ ಕರೆಯುತ್ತಿದ್ದರು. ಹೊಸ ಕಾರು ಇನ್ನೂ ಪ್ರಯೋಗದಲ್ಲಿತ್ತು. ಬಣ್ಣ ಬಳಿದಿರಲಿಲ್ಲ, ಹೆಸರಿಟ್ಟಿರಲಿಲ್ಲ, ಎಂಜಿನ್ನನ್ನೂ ಕೂರಿಸಿರಲಿಲ್ಲ. ಆದರೆ ಬಾಗಿಲು ಹಾಕಿದೊಡನೆ ಕೂತವರಿಗೆ 'ಇನ್ನು ಹೊರಗಿನದು ಹೊರಗೇ, ಒಳಗಿನದು ಒಳಗೇ' ಅನ್ನಿಸಬೇಕು ಎಂಬುದು ಮಾತ್ರ ಎಲ್ಲಕ್ಕಿಂತ ಮೊದಲೇ ತೀರ್ಮಾನವಾಗಿತ್ತು. ಅದಕ್ಕೆಂದು ಅವನು ಮೂರು ಬಾಗಿಲು ಮಾಡಿ, ಒಂದಾದ ಮೇಲೊಂದನ್ನು ಅದೇ ಚೌಕಟ್ಟಿಗೆ ಕೂರಿಸಿ ತೋರಿಸುತ್ತಿದ್ದ.

"ನಮ್ಮ ಕಿವಿಗಳು ಹಳತಾದವು. ನಿಮ್ಮ ಮಗಳು ಕೆಳಗೆ ಕಾಯ್ತಿದಾಳಲ್ಲ, ಕರೀರಿ ಅವಳನ್ನ. ಎಳೇ ಕಿವಿ ಏನನ್ನುತ್ತೋ ನೋಡೋಣ," ಎಂದರು ವಿನ್ಯಾಸಕಿ.

ಮಗಳನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ಯಬೇಕೆಂದು ಅವನು ಆ ದಿನ ಜೊತೆಗೇ ಕರೆತಂದಿದ್ದ. ಹದಿನಾರರ ಹುಡುಗಿ. ಅಪ್ಪನ ಜೊತೆ ಮಾತು ಬಿಟ್ಟು ಬಹಳ ದಿನವಾಗಿತ್ತು. ಬಿಟ್ಟಿದ್ದಳು ಎಂದರೆ ಪೂರ್ತಿ ಅಲ್ಲ. 'ಹೂಂ', 'ಉಹೂಂ', 'ಏನಿಲ್ಲ' ಈ ಮೂರನ್ನು ಉಳಿಸಿಕೊಂಡಿದ್ದಳು. ಅವಳು ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ ಅವನು ಅವಳ ಡ್ರಮ್ಮುಗಳನ್ನು ತನ್ನ ಅಕ್ಕನ ಮನೆಗೆ ಸಾಗಿಸಿಬಿಟ್ಟಿದ್ದ. "ನನ್ನ ಕಿವಿ ಕೆಟ್ಟರೆ ಮನೆ ನಡೆಯೋದು ಹೇಗೆ?" ಎಂದಿದ್ದ. ಅಕ್ಕ ಈಗ ಅವುಗಳ ಮೇಲೆ ಮಡಚಿದ ಬಟ್ಟೆ ಪೇರಿಸಿಡುತ್ತಿದ್ದಳು. ಮೊದಮೊದಲು ಹುಡುಗಿ ಸಿಟ್ಟು ಬಂದಾಗಲೆಲ್ಲ ಕೋಣೆಗೆ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಳ್ಳುತ್ತಿದ್ದಳು. ಅವನು ಕಾರ್ಖಾನೆಯಿಂದ ಮೆತ್ತನೆಯ ರಬ್ಬರು ಪಟ್ಟಿ ತಂದು ಚೌಕಟ್ಟಿನ ಸುತ್ತ ಅಂಟಿಸಿದ. ಆಮೇಲೆ ಎಷ್ಟು ಸಿಟ್ಟಿನಿಂದ ಎಳೆದರೂ 'ಫ್' ಅಷ್ಟೆ. ಮನೆ ತಣ್ಣಗಾಯಿತು. ಅದನ್ನು ಅವನು ನೆಮ್ಮದಿ ಅಂದುಕೊಂಡಿದ್ದ.

ಒಂದನೇ ನಂಬರಿನ ಬಾಗಿಲು ಹಾಕಿ, "ಹೇಗಿದೆಯಮ್ಮ?" ಎಂದು ವಿನ್ಯಾಸಕಿ ಕೇಳಿದರು.

"ಹೂಂ."

ಎರಡನೆಯದಕ್ಕೂ "ಹೂಂ."

"ಏನ್ರೀ ಇದು, ಮಗಳಿಗೂ ಸೈಲೆನ್ಸರ್ ಹಾಕಿಸಿದೀರಾ?" ಎಂದು ವಿನ್ಯಾಸಕಿ ನಕ್ಕರು. ಬಾಗಿಲಪ್ಪನೂ ನಕ್ಕ. ಹುಡುಗಿ ನಗಲಿಲ್ಲ.

ಮೂರನೆಯದನ್ನು ಕೂರಿಸಿದ್ದಾಯಿತು. "ನೀನು ಒಳಗೆ ಕೂತ್ಕೊಂಡು ಏನಾದ್ರೂ ಸದ್ದು ಮಾಡಮ್ಮ. ಎಷ್ಟು ಬೇಕಾದ್ರೂ ಮಾಡು. ಆಚೆಗೆ ಬರುತ್ತಾ ನೋಡ್ತೀವಿ," ಎಂದರು ವಿನ್ಯಾಸಕಿ. ಹುಡುಗಿ ಮುಂದಿನ ಸೀಟಿನಲ್ಲಿ ಕೂತಳು. ಬಾಗಿಲಪ್ಪ ಬಾಗಿಲನ್ನು ತಳ್ಳಿದ. ಢಬ್ ಅಲ್ಲ, ಧಪ್ಪೂ ಅಲ್ಲ, ಬರೀ 'ಫ್'. ವಿನ್ಯಾಸಕಿ ಕಣ್ಣು ಮುಚ್ಚಿಕೊಂಡರು. "ಧಪ್ಪೂ ಬೇಡ, ಇದೇ. ಇದೇ ನಾನು ಹುಡುಕ್ತಿದ್ದದ್ದು."

ಹುಡುಗಿ ಗಾಜಿನ ಹಿಂದಿನಿಂದ ಅಪ್ಪನನ್ನೇ ನೋಡಿದಳು. ಆಮೇಲೆ ಅವಳ ಎರಡೂ ಕೈ ಮೇಲೆದ್ದವು. ಎದುರಿಗಿದ್ದ ನುಣುಪಾದ ಮರದ ಹಲಗೆಯ ಮೇಲೆ ಬಾರಿಸತೊಡಗಿದಳು. ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮುಷ್ಟಿ. ಕೂದಲು ಬಿಚ್ಚಿಕೊಂಡು ಮುಖದ ಮೇಲೆ ಬಿತ್ತು. ಬಾಯಿ ದೊಡ್ಡದಾಗಿ ತೆರೆದಿತ್ತು. ಹಾಡುತ್ತಿದ್ದಳೋ ಕೂಗುತ್ತಿದ್ದಳೋ, ಕೆನ್ನೆ ಒದ್ದೆಯಾಗಿತ್ತು. ಗಾಜು ಮಾತ್ರ ಅಲುಗಲಿಲ್ಲ.

"ಒಂದು ಚೂರೂ ಆಚೆ ಬರ್ತಿಲ್ಲ ನೋಡ್ರಿ," ಎಂದು ವಿನ್ಯಾಸಕಿ ಕಣ್ಣು ಮುಚ್ಚಿಕೊಂಡೇ ಹಿಗ್ಗಿದರು.

ಬಾಗಿಲಪ್ಪ ಗಾಜಿಗೆ ಕಿವಿ ಒತ್ತಿದ. ಇಡೀ ಕಾರ್ಖಾನೆ ನಂಬಿದ್ದ ಕಿವಿ ಅದು. ಅದಕ್ಕೆ ಗಾಜಿನ ತಣುಪು ಬಿಟ್ಟರೆ ಇನ್ನೇನೂ ತಾಗಲಿಲ್ಲ. ಅವನು ಬಾಗಿಲು ತೆಗೆದ. ಹುಡುಗಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಅಂಗೈ ಕೆಂಪಾಗಿತ್ತು.

"ಕೇಳಿಸ್ತಾ?" ಎಂದಳು.

"ಇಲ್ಲ ಪುಟ್ಟಿ."

"ಹಾಗಾದ್ರೆ ನಿನ್ನ ಬಾಗಿಲು ಪಾಸು ಬಿಡು," ಎಂದು ಇಳಿದು, ಮೂಗೊರೆಸಿಕೊಳ್ಳುತ್ತ ಮೆಟ್ಟಿಲ ಕಡೆ ಹೋದಳು.

ಮೂರನೇ ನಂಬರಿಗೆ ಅಂದೇ ಒಪ್ಪಿಗೆ ಸಿಕ್ಕಿತು. ಸಂಜೆ ಹಲ್ಲಿನ ಡಾಕ್ಟರ ಬಳಿ ಹೋಗಿ ಮಗಳೊಡನೆ ಮನೆಗೆ ಬಂದವನು ಬಟ್ಟೆಯನ್ನೂ ಬದಲಿಸದೆ ಮಗಳ ಕೋಣೆಯ ಹೊಸ್ತಿಲಲ್ಲಿ ಮಂಡಿಯೂರಿ ಕೂತು ರಬ್ಬರು ಪಟ್ಟಿ ಕೀಳತೊಡಗಿದ. ಅಂಟು ತಾನೇ ಆರಿಸಿದ್ದು, ಉಗುರಿಗೆ ಬಗ್ಗುವಂಥದ್ದಲ್ಲ. ಅಡುಗೆಮನೆಯಿಂದ ಚಾಕು ತಂದು ಎಬ್ಬಿಸಿದರೆ ಪಟ್ಟಿಯ ಜೊತೆ ಚೌಕಟ್ಟಿನ ಬಣ್ಣವೂ ಸುಲಿದುಕೊಂಡು ಬಂತು. ಮಗಳು ಮೇಜಿನ ಮುಂದೆ ಓದುತ್ತ ಕೂತಿದ್ದಳು. ಹಾಳೆ ಮಾತ್ರ ಮಗುಚುತ್ತಿರಲಿಲ್ಲ. ಕೊನೆಯ ತುಂಡು ಕಿತ್ತ ಮೇಲೆ ಅವನು ಮಂಡಿ ಹಿಡಿದುಕೊಂಡು ಎದ್ದು, ಕೋಣೆಯೊಳಗೆ ಬಂದು, ಇದ್ದ ಬಲವನ್ನೆಲ್ಲ ಹಾಕಿ ಬಾಗಿಲನ್ನು ಎಳೆದ.

ಧಡಾರ್.

ಕಪಾಟಿನ ಮೇಲಿದ್ದ ಗಾಜಿನ ಲೋಟ ಕಿಣಿಕಿಣಿ ಎಂದಿತು. "ಈ ಮನೆಯಲ್ಲಿ ಯಾರಿಗೆ ಏನು ಬಂತು ಈಗ?" ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಮಗಳು ಪುಸ್ತಕದಿಂದ ಮುಖ ಎತ್ತಿದಳು.

"ಅಪ್ಪ, ಇದು ಎಷ್ಟನೇ ನಂಬರು?"