ದಾನೇಶ್ವರಿಯ ಪರಾತ

ರೊಟ್ಟಿ ಹಿಟ್ಟು ನಾದುವ ಅಲ್ಯೂಮಿನಿಯಂ ಪರಾತವನ್ನು ಅಡಿವೆಪ್ಪ ಅಡುಗೆಮನೆಯಲ್ಲಿ ಅದರ ಜಾಗದಲ್ಲೇ ಇಟ್ಟು ಬಂದ. ಬೆನ್ನಿಗೇ ಹೆಂಡತಿ ದಾನೇಶ್ವರಿ ಅದನ್ನು ಎಡಗಂಕುಳಲ್ಲಿ ಅವುಚಿಕೊಂಡು ಬಂದು, ಮನೆ ಮುಂದೆ ನಿಂತಿದ್ದ, ಕಾರಿಗೆ ಕಟ್ಟಿ ಎಳೆಯುವ ಹಳೇ ಕ್ಯಾರವಾನ್‌ನ ಮೆಟ್ಟಿಲ ಮೇಲೆ ಮತ್ತೆ ಇಟ್ಟಳು. ಬೆಳಗಿನ ಚಹಾ ಆದಾಗಿನಿಂದ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಊರಿನ ಆ ಮನೆಯಲ್ಲಿ ಇದೇ ನಡೆದಿತ್ತು. ಹಟಕ್ಕೆ ಬಿದ್ದರೆ ಇಬ್ಬರಲ್ಲಿ ಒಬ್ಬರೂ ಸೋಲುವ ಪೈಕಿಯಲ್ಲ.

"ಇದನ್ನ ಕತ್ತರಿಸಿ ಆ ಮೂಲಿಗೆ ಹಚ್ರಿ ಅಂದ್ರ ಯಾಕ ಕೇಳವಲ್ರಿ?"

"ಮತ್ತ ಹಿಟ್ಟು ಯಾವುದರಾಗ ನಾದ್ತಿ?" ಅಂದ ಅಡಿವೆಪ್ಪ, ಅವಳ ಮುಖ ನೋಡದೆ.

ದಾನೇಶ್ವರಿಯ ಬಲಗೈ ಪಕ್ಕಕ್ಕೆ ಸುಮ್ಮನೆ ಇಳಿಬಿದ್ದಿತ್ತು. ಸಂಕ್ರಮಣಕ್ಕೆ ಬಡಿದ ಸಜ್ಜೆ ರೊಟ್ಟಿಯೇ ಕೊನೆ, ಆಮೇಲೆ ಆ ಕೈ ಹಿಟ್ಟು ಮುಟ್ಟಿಲ್ಲ. ನರಗಳ ಕಾಯಿಲೆ, ಹೋದ ಶಕ್ತಿ ಮರಳುವುದಿಲ್ಲ, ಮುಂದೆ ಕಾಲಿಗೂ ಇಳಿಯುತ್ತದೆ, ಹೋಗಬೇಕೆಂದುಕೊಂಡ ಊರುಗಳಿಗೆ ಈ ಬೇಸಿಗೆಯಲ್ಲೇ ಹೋಗಿಬನ್ನಿ ಎಂದು ಎಜ್‌ಬಾಸ್ಟನ್‌ನ ಆಸ್ಪತ್ರೆಯ ದೊಡ್ಡ ಡಾಕ್ಟರು ಮೆಲ್ಲಗೆ ಹೇಳಿದ್ದರು. ದಾನೇಶ್ವರಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಡಿವೆಪ್ಪ ಮಾತ್ರ ಅರ್ಧಕ್ಕೇ ಕಿವಿ ಮುಚ್ಚಿಕೊಂಡಿದ್ದ. ಅಂದಿನಿಂದ ವಾರವಾರವೂ ಪರಾತ ತೊಳೆದು ಒರೆಸಿಡುತ್ತಿದ್ದ. ಕೈ ಬಂದ ದಿನ ಅದು ಸಿದ್ಧವಾಗಿರಬೇಕು ಎಂಬುದು ಅವನ ಲೆಕ್ಕ.

ಕ್ಯಾರವಾನ್ ಅರವತ್ತರ ದಶಕದ್ದು. ನೌಕರಿಯಲ್ಲಿದ್ದಾಗ ಆಸೆಪಟ್ಟು ಕೊಂಡಿದ್ದ. ಅದು ವರ್ಷಗಟ್ಟಲೆ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ವಿಟ್ಬಿಯ ಸಮುದ್ರದ ದಂಡೆಯಲ್ಲಿ ಇದರೊಳಗೆ ಮಲಗಿ ಬೆಳಗಾಗುವುದನ್ನು ನೋಡಬೇಕು ಎಂದು ದಾನೇಶ್ವರಿ ಅಂದ ಮೇಲೆ, ಪಾಪ, ಅವನು ತುಕ್ಕು ತಿಂದ ತಗಡುಗಳನ್ನೆಲ್ಲ ಕಿತ್ತ. ಒಳಗಿನ ಕೊಳೆತ ಮರ ಬದಲಾಯಿಸಿ ಹೊಸ ಅಲ್ಯೂಮಿನಿಯಂ ಹಾಳೆ ಹೊದಿಸಿದ. ಪಕ್ಕದ ಗೋಡೆಗಳೆಲ್ಲ ಸರಿಹೋದವು. ಅವಳ ಹಾಸಿಗೆಯ ಮೇಲಿನ ದುಂಡು ಮೂಲೆಯೊಂದೇ ಉಳಿಯಿತು. ಮಳೆ ಬಂದರೆ ನೀರು ನೇರ ದಿಂಬಿನ ಮೇಲೆ ಸುರಿಯುತ್ತಿತ್ತು. ಅಂಥ ಮೂಲೆಯ ತಗಡನ್ನು ಈಗ ಯಾರೂ ಮಾಡುವುದಿಲ್ಲ, ಚಪ್ಪಟೆ ಹಾಳೆಯನ್ನು ಬಗ್ಗಿಸಿದರೆ ನೆರಿಗೆ ಬೀಳುತ್ತಿತ್ತು. ನಿನ್ನೆ ದಾನೇಶ್ವರಿಯೇ ಪರಾತ ತಂದು ಅಲ್ಲಿ ಹಿಡಿದಳು. ಅದರ ಅಂಚಿನ ಬಾಗು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಜೀವನವೆಲ್ಲ ಎಂಜಿನಿಯರಾಗಿ ದುಡಿದವನಿಗೆ ಇದು ಹೊಳೆದಿರಲಿಲ್ಲವೇ? ಹೊಳೆದಿತ್ತು. ಹೊಳೆದೂ ಸುಮ್ಮನಿದ್ದ.

"ಇನ್ನೂ ಫಿಸಿಯೋ ನಡದೈತಲ್ಲ. ನೋಡೋಣಂತ," ಅಂದ.

"ನೋಡ್ಕೋತ ಕುಂತ್ರ ಬ್ಯಾಸಿಗಿ ಹೋಗ್ತೈತಿ. ರೊಟ್ಟಿ ಬೇಕಾದಷ್ಟು ಬಡದೀನ್ರಿ ನಾ. ಸಮುದ್ರದ ಬಾಜೂಕ ಒಂದು ರಾತ್ರಿನೂ ಮಲಗಿಲ್ಲ."

"ಕೈ ಬರೂದಿಲ್ಲ ಅಂತ ನೀನ ತೀರ್ಮಾನ ಮಾಡಿಬಿಟ್ಟಿ," ಎಂದು ಸಿಡುಕಿದ.

"ನಾ ಮಾಡಿಲ್ರಿ. ಕೈ ಮಾಡೇತಿ."

ಅಡಿವೆಪ್ಪ ಮೆಟ್ಟಿಲ ಮೇಲೆ ಕುಳಿತ. ಕೊನೆಗೆ ತಗಡು ಕತ್ತರಿ ಕೈಗೆತ್ತಿಕೊಂಡ. ಪರಾತದ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಿದ್ದವು: ಸೌ. ದಾನೇಶ್ವರಿ. ಮದುವೆಯಲ್ಲಿ ಅವಳ ತಾಯಿ ಗದಗಿನ ಪಾತ್ರೆ ಅಂಗಡಿಯಲ್ಲಿ ಹಾಕಿಸಿಕೊಟ್ಟ ಹೆಸರು. ಅವನು ಆ ಹೆಸರನ್ನು ಬಿಟ್ಟು ಇನ್ನೊಂದು ಬದಿಗೆ ಗೆರೆ ಎಳೆದ.

"ಆ ಕಡೆ ಬ್ಯಾಡ. ಹೆಸರಿದ್ದ ಕಡೆನ ಕತ್ತರಿಸ್ರಿ. ಹೊರಗ ಕಾಣಲಿ," ಅಂದಳು.

ಕತ್ತರಿಸುವಾಗ ಅವನ ಕಣ್ಣು ತುಂಬಿ ಗೆರೆಯೇ ಕಾಣದಾಯಿತು. ತೋಳಿಗೆ ಮುಖ ಒರೆಸಿಕೊಂಡು ಮುಂದುವರಿಸಿದ.

ತಗಡು ಕೂಡಿಸುವ ಹಳೇ ರೀತಿಯ ರಿವೆಟ್ಟು ಮೊಳೆ ಬಡಿಯಲು ಇಬ್ಬರು ಬೇಕು. ಹೊರಗಿನವರು ಸುತ್ತಿಗೆ ಹೊಡೆಯುವಾಗ ಒಳಗಿನವರು ಅದೇ ಜಾಗಕ್ಕೆ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ದಾನೇಶ್ವರಿ ಒಳಗೆ ಹೋಗಿ ಹಾಸಿಗೆ ಹತ್ತಿ ಎಡಗೈಯಲ್ಲಿ ತುಂಡು ಹಿಡಿದಳು. ನಡುವೆ ತಗಡು, ಒಬ್ಬರಿಗೊಬ್ಬರು ಕಾಣುವಂತಿಲ್ಲ. ಸಿದ್ಧವಾದಾಗಲೆಲ್ಲ ಅವಳು ಮೊದಲು ಅದೇ ಎಡ ಅಂಗೈಯಿಂದ ಎರಡು ಸಲ ತಗಡು ತಟ್ಟಿ ತುಂಡು ಒತ್ತಬೇಕು, ಆಮೇಲೆ ಇವನು ಹೊಡೆಯಬೇಕು ಎಂದು ಮಾತಾಗಿತ್ತು. ತಟ್ಟಿದಾಗೊಮ್ಮೆ ಅಡಿವೆಪ್ಪನಿಗೆ ರೊಟ್ಟಿ ಬಡಿದ ಸದ್ದೇ ಕೇಳಿದಂತಾಗುತ್ತಿತ್ತು. ಆದರೂ ಒಂದೊಂದೇ ರಿವೆಟ್ಟು ಕೂತಿತು.

ಕೊನೆಯದು ಅವಳ ಹೆಸರಿನ ಪಕ್ಕಕ್ಕೇ ಇತ್ತು. ಅವನು ಆ ಚುಕ್ಕಿಗಳ ಮೇಲೆ ಬೆರಳಾಡಿಸಿದ.

"ಭಾಂಡೆದ ಮ್ಯಾಲೆ ಹೆಸರು ಯಾಕ ಹಾಕಸ್ತಾರ?" ಎಂದು ಕೇಳಿದ.

"ಗೊತ್ತಿಲ್ಲೇನ್ರಿ?" ಎಂದಿತು ಒಳಗಿನ ದನಿ. "ಮದವಿಗೆ ಅದಕ್ಕ ಇದಕ್ಕ ಅಂತ ಮಂದಿ ಮನಿಗೆ ಹೋಗಿದ್ದು ತಿರುಗಿ ಬರಲಿ ಅಂತ."

"ಬರ್ತೈತಿ?"

"ಭಾಂಡೆ ಬರ್ತಾವು," ಅಂದಳು.

ಎತ್ತಿದ ಸುತ್ತಿಗೆ ಅವನ ಕೈಯಲ್ಲಿ ಹಾಗೇ ನಿಂತಿತು. ಒಳಗಿನಿಂದ ತಗಡಿನ ಮೇಲೆ ನಿಧಾನವಾಗಿ ಎರಡು ಸಲ ಅಂಗೈ ಬಿತ್ತು.

"ಹೊಡೀರಿ. ನಾ ಇನ್ನೂ ಹಿಡಕೊಂಡೀನಿ."