ನಾಲ್ಕನೆಯ ತೋಟದ ಒಡೆಯ

ನಾಲ್ಕನೆಯ ಆಟಗಾರ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರನ್ನು ಸೀದಾ ತೋಡಿಗೆ ಬಿಟ್ಟ. ಪರದೆಯ ಮೇಲೆ ತೋಡಿನಲ್ಲಿ ಹರಿಯುವ ನೀರು ಕಪ್ಪಾಯಿತು. ಕೊಳೆತ ಹಣ್ಣಿನ ನಾತ ಮೂಗಿಗೇ ಬಡಿದಂತಾಗಿ ದಿವ್ಯ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

ಅದು ಕಂಪ್ಯೂಟರ್ ಆಟ. ಪರದೆಯಲ್ಲಿ ನಾಲ್ಕು ಕಾಫಿ ತೋಟ, ಒಬ್ಬೊಬ್ಬರಿಗೆ ಒಂದೊಂದು. ಐದು ವರ್ಷದ ಆಡಳಿತವನ್ನು ಒಂದೇ ಮಧ್ಯಾಹ್ನದಲ್ಲಿ ನಡೆಸಿ ತೋರಿಸಬೇಕು. ಮಾಲೀಕ ಕುಟ್ಟಪ್ಪ ತಮ್ಮ ಎಸ್ಟೇಟಿಗೆ ಜನರನ್ನು ಆರಿಸುವುದೇ ಹೀಗೆ. ಕಳೆದ ವರ್ಷ ಗೆದ್ದು ಮ್ಯಾನೇಜರ್ ಆದವಳು ದಿವ್ಯ. ಈ ತಿಂಗಳು ಅವಳ ಕೆಲಸ ಖಾಯಂ ಆಗಬೇಕಿತ್ತು. ಕೈಕೆಳಗಿನ ಅಸಿಸ್ಟೆಂಟನ್ನು ಅವಳೇ ಆರಿಸಲಿ ಎಂದು ಕುಟ್ಟಪ್ಪ ಅವಳನ್ನು ವಿರಾಜಪೇಟೆಯ ಆಫೀಸಿಗೆ ಕರೆತಂದಿದ್ದರು. ಪಕ್ಷಪಾತ ಬೇಡವೆಂದು ಆಟಗಾರರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಹೆಸರಿನ ಬದಲು ನಂಬರು ಕೊಟ್ಟಿದ್ದರು.

ಕಳೆದ ಸಲ ಆಟದಲ್ಲಿ ಖರ್ಚು, ಲಾಭ ಎಂಬ ಅಂಕಿಗಳಷ್ಟೇ ಇದ್ದವು. ಈ ಸಲ ಕೂಲಿಯವರಿಗೆ ಮುಖ ಬಂದಿತ್ತು, ಮಾತು ಬಂದಿತ್ತು.

ಜ್ವರದಿಂದ ಮಲಗಿದ್ದ ಮುದುಕಿಯನ್ನು ನಾಲ್ಕನೆಯವನು ಕೂಲಿಯವರ ಲೈನ್ ಮನೆಯಿಂದ ಎಬ್ಬಿಸಿದ. ಅವಳು ಗಂಟು ಹೊತ್ತು ಹೊರಬೀಳುವಷ್ಟರಲ್ಲಿ ನೆರಳಿನ ಮರಗಳನ್ನೂ ಮಾರಿಬಿಟ್ಟ. ಹಾಜರಿ ಪಟ್ಟಿಯಿಂದ ಬಾಣಂತಿಯರ ಹೆಸರು ಹೊಡೆದುಹಾಕಿದ. ಒಂದಕ್ಕೂ ತಡವರಿಸಲಿಲ್ಲ. ಲಾಭದಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. ಥೂ, ಇವನೂ ಒಬ್ಬ ಮನುಷ್ಯನೇ!

ಕಾಫಿ ತಂದ ಆಫೀಸಿನ ಕೆಲಸದಾಕೆ ಮುತ್ತಿ ಇವರಿಬ್ಬರಿಗೂ ಕೊಟ್ಟು, ಪಕ್ಕದ ಕೋಣೆಗೆ ಮೂರು ಲೋಟ ಒಯ್ದಳು.

"ನಾಲ್ಕನೆಯವನಿಗೆ ಕಾಫಿ ಕುಡಿಯೋಕೂ ಪುರುಸೊತ್ತಿಲ್ಲ, ನೋಡಿ ಸರ್," ಎಂದಳು ದಿವ್ಯ, ಮುಖ ಸಿಂಡರಿಸಿ.

"ಲಾಭ ಜಾಸ್ತಿ ಉಂಟಲ್ಲ?" ಎಂದರು ಕುಟ್ಟಪ್ಪ.

"ಬೇಡ ಸರ್. ನಮ್ಮ ಲೈನಲ್ಲಿ ಅಷ್ಟೊಂದು ಸಂಸಾರ ಇದೆ. ಇಂಥವನ ಕೈಗೆ ಕೊಟ್ರೆ ಅವರ ಗತಿ ಏನು? ಎಸ್ಟೇಟ್ ಗೇಟಿನೊಳಗೇ ಬಿಡಬೇಡಿ."

"ಯೋಚನೆ ಮಾಡಿ ಹೇಳ್ತಿದ್ದೀಯಾ?"

"ಯೋಚನೆ ಏನು ಬಂತು! ನೋಡಿದ್ರೇ ಅಸಹ್ಯ ಆಗ್ತದೆ."

ಕುಟ್ಟಪ್ಪ ನಿಟ್ಟುಸಿರು ಬಿಟ್ಟರು. "ನಮ್ಮ ಲೈನಿನವರೂ ಮೊನ್ನೆ ಮನೆಗೆ ಬಂದು ಇದನ್ನೇ ಹೇಳಿದ್ರು."

"ಲೈನಿನವರಿಗೆ ಇವನು ಹೇಗೆ ಗೊತ್ತು?"

ಅವರು ಎದ್ದು ಪಕ್ಕದ ಕೋಣೆಯ ಬಾಗಿಲು ತೆರೆದರು. ಒಳಗೆ ಮೂರೇ ಜನ ಕೂತಿದ್ದರು, ಆಟ ಬಿಟ್ಟು ಹರಟುತ್ತ. ಇತ್ತ ಪರದೆಯಲ್ಲಿ ನಾಲ್ಕನೆಯ ತೋಟದ ಕೆಲಸ ಮಾತ್ರ ನಿಂತಿರಲಿಲ್ಲ. ಕೂಲಿಯವರ ಮಕ್ಕಳ ಕೋಣೆಗೆ ಬೀಗ ಬಿತ್ತು.

"ಹೊಸಬರಿಗೆ ಒಬ್ಬ ಎದುರಾಳಿ ಬೇಕಿತ್ತು, ದಿವ್ಯಾ. ನಾಲ್ಕನೆಯ ತೋಟಕ್ಕೆ ಹೋದ ವರ್ಷ ನೀನು ಆಡಿದ ಆಟವನ್ನೇ ಹಾಕಿಸಿದೆ."