ಗುಂಡಗಡಿಗೆ

ಲೆನ್ಸು ಮತ್ತೆ ಒಂದು ಕಡೆಗೆ ವಾಲಿತು. ಶಂಭುಲಿಂಗಪ್ಪ ಕ್ಯಾಮೆರಾದ ಕಪ್ಪು ಬಟ್ಟೆಯಿಂದ ತಲೆ ಹೊರಗೆ ತೆಗೆದು, ಚಾಮರಾಜನಗರದ ತನ್ನ ಪುಟ್ಟ ಸ್ಟುಡಿಯೊದ ನೆಲದ ಮೇಲೆ ಕುಕ್ಕರಿಸಿದ. ಅವನ ಹಳೆಯ ಲೆನ್ಸು ಹೋದ ವಾರ ಗಾಡಿಯಿಂದ ಬಿದ್ದು ಒಡೆದಿತ್ತು. ಇದು ಬೇರೆ ಕಂಪನಿಯದು. ಬಿಳಿಗಿರಿರಂಗನ ಬೆಟ್ಟದ ತೋಟದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ವಾಪಸಾಗುವಾಗ ಬಿಟ್ಟುಹೋದ, ಗೆದ್ದಲು ತಿಂದುಳಿದ ಕ್ಯಾಮೆರಾದ್ದು. ಗಾಜು ಚೆನ್ನಾಗಿತ್ತು. ಆದರೆ ಇವನ ಮರದ ಕ್ಯಾಮೆರಾದ ತೂತು ದೊಡ್ಡದು, ಆ ಲೆನ್ಸಿನ ಕತ್ತು ಸಣ್ಣದು.

ನಡುವೆ ಬಿದಿರಿನ ಬಳೆ ಕೂರಿಸಿದ, ಸೀಳಿತು. ನಶ್ಯದ ಡಬ್ಬಿ ಕೊರೆದು ಕೂರಿಸಿದ, ಬಾಗಿತು. ಬಟ್ಟೆ ಸುತ್ತಿದರೆ ಒಂದು ಕಡೆ ನಿಚ್ಚಳ, ಇನ್ನೊಂದು ಕಡೆ ಮಂಜು. ಸೋಮವಾರ ಚಂದಕವಾಡಿಯಲ್ಲಿ ಮದುವೆ; ಫೋಟೊ ತೆಗೆಯುತ್ತೇನೆಂದು ವೀಳ್ಯ ಹಿಡಿದು ಬಂದಿದ್ದ. ವೀಳ್ಯ ಹಿಡಿದವನು ಹೋಗದೆ ಉಳಿದರೆ ಆ ಸುತ್ತಿನಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ.

ಊಟಕ್ಕೆ ಕರೆಯಲು ಬಂದ ತಾಯಿ ಚಿಕ್ಕಮಲ್ಲಮ್ಮ ಬಾಗಿಲಲ್ಲೇ ನಿಂತಳು.

"ನಿನ್ ಕೂಸ್ಗೆ ಇನ್ನೂ ಕತ್ತು ನಿಂತಿಲ್ವಾ?"

"ಇಲ್ಲ ಕಣವ್ವ. ಗಟ್ಟಿಯಾಗಿ, ಗುಂಡಾಗಿರೋದು ಏನಾರಾ ಬೇಕು."

ಅವಳು ಒಳಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದಳು. ತೀರಿಕೊಂಡ ಗಂಡ ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿಯ ಗುಂಡಗಡಿಗೆ. ಶಂಭುಲಿಂಗಪ್ಪ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ.

"ಅಪ್ಪನ ಎದೆ ಮ್ಯಾಲಿದ್ದದ್ದು. ಇದರ ತಳ ಕುಯ್ಸದಾ? ಜನ ಏನಂದಾರು?"

"ಲಿಂಗ ಅವರ ಕೈಯಲ್ಲೇ ಮಣ್ಣಿಗೆ ಓಯ್ತು. ಇದು ಖಾಲಿ ಮನೆ ಕಣ್ಲಾ. ಖಾಲಿ ಮನೆಯ ಬಾಡಿಗೆಗೆ ಬುಡಲ್ವಾ? ಬೀಗ ಆಕ್ಕಂಡು ಕೂತ್ರೆ ಎಗ್ಗಣ ಸೇರ್ಕತದೆ."

ಅಕ್ಕಸಾಲಿ ಮೊದಲು ಗಡಿಗೆಗೆ ಕೈ ಮುಗಿದು ಆಮೇಲೆ ತಳ ಕುಯ್ದ. ಮಾರನೆಯ ಬೆಳಿಗ್ಗೆ ಆ ಬೆಳ್ಳಿಯ ಬಳೆ ಮರದ ತೂತಿಗೂ ಕೂತಿತು, ಲೆನ್ಸಿನ ಕತ್ತಿಗೂ ಕೂತಿತು. ಪರೀಕ್ಷೆಗೆ ಯಾರಾದರೂ ಎದುರಿಗೆ ಬೇಕಿತ್ತು. "ನಂಗೇನು, ಮದ್ವೆ ಆಗ್ಬೇಕಾ?" ಎನ್ನುತ್ತಲೇ ಚಿಕ್ಕಮಲ್ಲಮ್ಮ ಸ್ಟೂಲಿನ ಮೇಲೆ ಕೂತಳು. ಹುಟ್ಟಿದಾಗಿನಿಂದ ಅವಳು ಫೋಟೊಗೆ ಕೂತವಳಲ್ಲ.

ಕಪ್ಪು ಬಟ್ಟೆಯೊಳಗೆ ಗಾಜಿನ ಮೇಲೆ ಅವ್ವ ತಲೆಕೆಳಗಾಗಿ ಮೂಡಿದಳು. ಹಣೆಯ ವಿಭೂತಿಯ ಗೆರೆ, ಸೀರೆಯ ನೂಲು, ಎರಡು ಕಿವಿ, ಈ ಅಂಚಿನಿಂದ ಆ ಅಂಚಿನವರೆಗೂ ನಿಚ್ಚಳ. ಶಂಭುಲಿಂಗಪ್ಪ ಉಸಿರು ಬಿಟ್ಟ. ಇನ್ನು ಚಂದಕವಾಡಿಗೆ ಹೋಗಬಹುದು.

ಕ್ಯಾಮೆರಾಕ್ಕೆ ಪ್ಲೇಟು ಸೇರಿಸಿ ಬಟ್ಟೆಯಿಂದ ಹೊರಗೆ ಬಂದು ನೋಡಿದರೆ ಅವ್ವ ಬೇರೆಯೇ ಆಗಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ನೆಲಕ್ಕೆ ಇಟ್ಟು, ಲೆನ್ಸಿನ ಸುತ್ತ ಹೊಳೆಯುವ ಬೆಳ್ಳಿಯ ಎದುರಿಗೆ ಹೊಸ ಸೊಸೆಯ ಹಾಗೆ ಮುದುರಿ ಕೂತಿದ್ದಳು.

"ತಲೆ ಎತ್ತವ್ವ. ಇತ್ತಾಗೆ ನೋಡು."

"ಸುಮ್ಕಿರ್ಲಾ," ಎಂದಳು ಚಿಕ್ಕಮಲ್ಲಮ್ಮ, ತುಟಿ ಅಲುಗದ ಹಾಗೆ. "ಅವರು ನೋಡ್ತಾವ್ರೆ."